ಕರುಳಿನ ಗೋಡೆ ಮತ್ತು ಅದರ ಕಾವಲುಗಾರರು

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಾರ್ಯದರ್ಶಿಗಳು ನನ್ನನ್ನು ಕರೆದಾಗ "ವಿಜ್ಞಾನ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು" ಎಂಬ ವಿಷಯ ಕೊಟ್ಟಿದ್ದರು. ಆ ವಿಷಯದಲ್ಲಿ ನನಗಿಂತ ಚೆನ್ನಾಗಿ ಮಾತನಾಡುವವರು ಬಹಳ ಮಂದಿ ಇದ್ದಾರೆ. ಅವಕಾಶಗಳ ಪಟ್ಟಿ ಓದುವುದಕ್ಕಿಂತ, ನಾನು ಹಲವು ವರ್ಷಗಳಿಂದ ದಿನನಿತ್ಯ ಮಾಡುತ್ತಿರುವ ಒಂದೇ ಒಂದು ಕೆಲಸವನ್ನು ನಿಮ್ಮ ಮುಂದೆ ಬಿಚ್ಚಿಡುತ್ತೇನೆ ಎಂದು ಅವರ ಅನುಮತಿ ಕೇಳಿಕೊಂಡೆ. ಅದರಲ್ಲಿ ನಾನು ಎಡವಿದ್ದನ್ನೂ ಹೇಳುತ್ತೇನೆ. ಸಂಶೋಧನೆ ಎಂದರೆ ಏನು ಎಂಬುದು ಅದರಿಂದಲೇ ನಿಮಗೆ ಹೆಚ್ಚು ತಿಳಿದೀತು ಎಂದು ನನ್ನ ಅನಿಸಿಕೆ.

ನನ್ನ ಕೆಲಸ ಕರುಳಿಗೆ ಸಂಬಂಧಿಸಿದ್ದು. ನೀವು ನಗಬಹುದು. ಹೃದಯ, ಮೆದುಳು ಎಂದರೆ ಗೌರವ, ಕರುಳು ಎಂದರೆ ನಗು. ಆದರೆ ಒಂದು ಕ್ಷಣ ಯೋಚಿಸಿ. ನಮ್ಮ ಚರ್ಮ ಹಲವು ಪದರಗಳ ದಪ್ಪ ಗೋಡೆ. ಕರುಳಿನ ಒಳಗೋಡೆಯೋ, ಕೇವಲ ಒಂದೇ ಒಂದು ಜೀವಕೋಶದಷ್ಟು ದಪ್ಪ. ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಅದರ ಒಂದು ಬದಿಯಲ್ಲಿ ನಾವು ತಿಂದ ಅನ್ನ, ಮೀನು, ಮಸಾಲೆ ಮತ್ತು ಲೆಕ್ಕಕ್ಕೆ ಸಿಗದಷ್ಟು ಬ್ಯಾಕ್ಟೀರಿಯಗಳು. ಇನ್ನೊಂದು ಬದಿಯಲ್ಲಿ ನಮ್ಮ ರಕ್ತ. ಕರುಳನ್ನು ಬಿಡಿಸಿ ಹಾಸಿದರೆ ಒಂದು ಟೆನ್ನಿಸ್ ಅಂಗಣದಷ್ಟಾಗುತ್ತದೆ ಎಂದು ನಮ್ಮ ಕಾಲದ ಪಠ್ಯಪುಸ್ತಕಗಳಲ್ಲಿತ್ತು. 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಮತ್ತೆ ಅಳೆದು, ಅದು ಸುಮಾರು 32 ಚದರ ಮೀಟರ್, ಅಂದರೆ ಬ್ಯಾಡ್ಮಿಂಟನ್ ಅಂಗಣದ ಅರ್ಧದಷ್ಟು ಮಾತ್ರ ಎಂದು ತೋರಿಸಿದರು. ಅಷ್ಟು ದೊಡ್ಡ, ಅಷ್ಟು ತೆಳುವಾದ ಈ ಗೋಡೆಯನ್ನು ದೇಹ ನಾಲ್ಕೈದು ದಿನಗಳಿಗೊಮ್ಮೆ ಹೊಸದಾಗಿ ಕಟ್ಟುತ್ತಲೇ ಇರುತ್ತದೆ.

ಈ ಗೋಡೆಯ ಬೆನ್ನಿಗೆ ಅಂಟಿಕೊಂಡೇ ಕಾವಲುಗಾರರಿದ್ದಾರೆ. ದೇಹದ ರೋಗನಿರೋಧಕ ಕೋಶಗಳು ಅಪಾರ ಸಂಖ್ಯೆಯಲ್ಲಿ ಇಲ್ಲಿವೆ. ನುಂಗುವ ಮ್ಯಾಕ್ರೋಫೇಜ್‌ಗಳು, ವಾಸನೆ ಹಿಡಿದು ಸುದ್ದಿ ಮುಟ್ಟಿಸುವ ಡೆಂಡ್ರೈಟಿಕ್ ಕೋಶಗಳು, ಟಿ ಮತ್ತು ಬಿ ಕೋಶಗಳು. ಇವರ ಕಷ್ಟ ಸಾಮಾನ್ಯ ಕಾವಲುಗಾರರ ಕಷ್ಟವಲ್ಲ. ಗಡಿಯ ಕಾವಲುಗಾರನಿಗೆ ಅಪರಿಚಿತರೆಲ್ಲ ಶತ್ರುಗಳು. ಕರುಳಿನ ಕಾವಲುಗಾರ ಮಾತ್ರ ಸಂತೆಯ ನಡುವೆ ನಿಂತಿದ್ದಾನೆ. ದಿನವೂ ಕೋಟಿಗಟ್ಟಲೆ ಅಪರಿಚಿತರು ಹಾದುಹೋಗುತ್ತಾರೆ, ಬಹುಪಾಲು ನಿರುಪದ್ರವಿಗಳು, ಕೆಲವರಂತೂ ಉಪಕಾರಿಗಳು. ಎಲ್ಲರ ಮೇಲೂ ಗುಂಡು ಹಾರಿಸಿದರೆ ಮನೆಯೇ ಸುಟ್ಟುಹೋಗುತ್ತದೆ. ಕ್ರೋನ್ಸ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್‌ಗಳಲ್ಲಿ ಆಗುವುದು ಬಹುಮಟ್ಟಿಗೆ ಇದೇ. ಯಾರನ್ನೂ ತಡೆಯದಿದ್ದರೆ ಟೈಫಾಯಿಡ್.

ಹಾಗಾದರೆ ಗೋಡೆ ಮತ್ತು ಕಾವಲುಗಾರ ಪರಸ್ಪರ ಏನು ಮಾತಾಡಿಕೊಳ್ಳುತ್ತಾರೆ? ಬದುಕಿರುವ ಮನುಷ್ಯನ ಹೊಟ್ಟೆಯೊಳಗೆ ಕುಳಿತು ಅದನ್ನು ಕೇಳಿಸಿಕೊಳ್ಳಲು ಸಾಧ್ಯವಿಲ್ಲ. ಪ್ರಾಣಿಗಳಲ್ಲಿ ನೋಡಬಹುದು. ನಮ್ಮ ದೇಶದವರೇ ಆದ ಡಾ. ಶಂಭುನಾಥ್ ಡೇ ಅವರು 1953ರಲ್ಲಿ ಕಲ್ಕತ್ತದಲ್ಲಿ ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಅದರೊಳಗೆ ಕಾಲರಾ ರೋಗಾಣುವನ್ನು ಬಿಟ್ಟು, ಆ ತುಂಡಿನಲ್ಲಿ ನೀರು ತುಂಬುವುದನ್ನು ತೋರಿಸಿದರು. 1959ರಲ್ಲಿ ಕಾಲರಾ ವಿಷವನ್ನು ಪತ್ತೆ ಮಾಡಿದ್ದೂ ಅದೇ ಮಾದರಿಯಿಂದ. ಸಾಮಾನ್ಯ ಸಲಕರಣೆಗಳಿಂದ ಮಾಡಿದ ಅಸಾಮಾನ್ಯ ಕೆಲಸ. ಆದರೂ ಪ್ರಾಣಿ ಮನುಷ್ಯನಲ್ಲ. ಟೈಫಾಯಿಡ್ ತರುವ ಸಾಲ್ಮೊನೆಲ್ಲ ಟೈಫಿ ಸಾಮಾನ್ಯ ಇಲಿಗೆ ರೋಗ ತರುವುದಿಲ್ಲ. ಇಲಿಗೆ ಟೈಫಾಯಿಡ್‌ನಂತಹ ಜ್ವರ ತರುವುದು ಅದರ ಸಂಬಂಧಿ ಟೈಫಿಮ್ಯೂರಿಯಂ. ಅದು ನಮಗೆ ಬಂದರೆ ಸಾಮಾನ್ಯವಾಗಿ ನಾಲ್ಕು ದಿನದ ಭೇದಿ, ಅಷ್ಟೆ. ಒಂದೇ ಮನೆತನದ ಎರಡು ರೋಗಾಣುಗಳು ಎರಡು ಪ್ರಾಣಿಗಳಲ್ಲಿ ತಮ್ಮ ಪಾತ್ರ ಅದಲು ಬದಲು ಮಾಡಿಕೊಳ್ಳುತ್ತವೆ. ಆದ್ದರಿಂದಲೇ ಮನುಷ್ಯರ ಕೋಶಗಳಿಂದಲೇ ಒಂದು ಪುಟ್ಟ ಕರುಳಿನ ಗೋಡೆಯನ್ನು ಪ್ರಯೋಗಾಲಯದಲ್ಲಿ ಕಟ್ಟುವ ಯತ್ನ ನಡೆಯಿತು.

ಗೋಡೆ ಕಟ್ಟಲು ಇಟ್ಟಿಗೆ ಬೇಕಲ್ಲ! ಆರೋಗ್ಯವಂತ ಕರುಳಿನ ಕೋಶವನ್ನು ಹೊರತೆಗೆದರೆ ಅದು ಬೇಗನೆ ಸಾಯುತ್ತದೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಸಂಸ್ಥೆಯಲ್ಲಿ ಯೋರ್ಗನ್ ಫೋಗ್ ಎಂಬವರು ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 72 ವರ್ಷದ ವೃದ್ಧರೊಬ್ಬರ ಗಡ್ಡೆಯಿಂದ ಕೋಶಗಳನ್ನು ತೆಗೆದು ಬೆಳೆಸಿದರು. ಅವಕ್ಕೆ ಕ್ಯಾಕೊ-2 ಎಂದು ಹೆಸರು. ಕ್ಯಾನ್ಸರ್ ಕೋಶಗಳಾದ್ದರಿಂದ ಅವು ಸಾಯದೆ ಬೆಳೆಯುತ್ತಲೇ ಇರುತ್ತವೆ. ಸೋಜಿಗವೇನೆಂದರೆ, ಜಾಗವೆಲ್ಲ ತುಂಬಿದ ಮೇಲೆ ಮೂರು ವಾರ ಬಿಟ್ಟರೆ ಅವು ಗುಣ ಬದಲಿಸುತ್ತವೆ. ದೊಡ್ಡ ಕರುಳಿನಿಂದ ಬಂದ ಕೋಶಗಳು ಸಣ್ಣ ಕರುಳಿನ ಕೋಶಗಳಂತೆ ಸಾಲಾಗಿ ನಿಂತು, ಮೇಲ್ಗಡೆ ಬ್ರಷ್ಷಿನಂತಹ ಕೂದಲು ಬೆಳೆಸಿ, ಅಕ್ಕಪಕ್ಕದವರೊಡನೆ ಬಿಗಿಯಾದ ಬೆಸುಗೆ ಹಾಕಿಕೊಳ್ಳುತ್ತವೆ.

ಇದನ್ನು ಬೆಳೆಸುವ ಪಾತ್ರೆಯನ್ನು ನೀವು ನೋಡಿದರೆ ಇಡ್ಲಿ ತಟ್ಟೆಯ ನೆನಪಾಗುತ್ತದೆ. 12 ಗುಳಿಗಳಿರುವ ಒಂದು ಪ್ಲಾಸ್ಟಿಕ್ ತಟ್ಟೆ. ಪ್ರತಿ ಗುಳಿಯೊಳಗೆ ಇಳಿಬಿಟ್ಟ ಒಂದು ಪುಟ್ಟ ಲೋಟ, ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಆ ಲೋಟದ ತಳ ಚಹಾ ಸೋಸುವ ಜಾಲರಿಯಂತೆ, ಆದರೆ ತೂತುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಇದಕ್ಕೆ ಟ್ರಾನ್ಸ್‌ವೆಲ್ ಎನ್ನುತ್ತಾರೆ. ಜಾಲರಿಯ ಮೇಲೆ ಕರುಳಿನ ಕೋಶಗಳು. ಲೋಟದ ಒಳಭಾಗವೇ ಕರುಳಿನ ಒಳಗು, ಕೆಳಗಿನ ಗುಳಿಯೇ ದೇಹದ ಕಡೆ. ಗೋಡೆ ಗಟ್ಟಿಯಾಗಿದೆಯೇ ಎಂದು ತಿಳಿಯಲು ಮೇಲೊಂದು ಕೆಳಗೊಂದು ವಿದ್ಯುತ್ ಕಡ್ಡಿ ಇಟ್ಟು ರೋಧವನ್ನು ಅಳೆಯುತ್ತೇವೆ. ಪಿ.ಯು.ಸಿ.ಯಲ್ಲಿ ನೀವು ಕಲಿತ ಓಮ್‌ನ ನಿಯಮವೇ ಇದು. ಬೆಸುಗೆ ಬಿಗಿಯಿದ್ದರೆ ರೋಧ ಹೆಚ್ಚು, ಸಡಿಲವಾದರೆ ಕಡಿಮೆ. ಎರಡು ದಿನಕ್ಕೊಮ್ಮೆ ಪೋಷಕ ದ್ರವ ಬದಲಿಸಬೇಕು. ಹಬ್ಬ ಬರಲಿ, ಮದುವೆ ಬರಲಿ, ಕೋಶಗಳಿಗೆ ರಜೆಯಿಲ್ಲ. ನನ್ನ ತಂಗಿಯ ನಿಕಾಹ್‌ನ ದಿನ ನಾನು ಊಟಕ್ಕೆ ಮುಂಚೆಯೇ ಬಸ್ಸು ಹತ್ತಿದ್ದನ್ನು ಮನೆಯವರು ಇಂದಿಗೂ ಮರೆತಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಗೋಡೆಯನ್ನು ಒಂಟಿಯಾಗಿ ಇಟ್ಟು ಪ್ರಶ್ನೆ ಕೇಳಿದರೆ ಅದು ಸರಿಯಾದ ಉತ್ತರ ಕೊಡುವುದಿಲ್ಲ. 2000ನೇ ಇಸವಿಯಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿರುವ ನೆಸ್ಲೆ ಸಂಶೋಧನಾ ಕೇಂದ್ರದಿಂದ ಡಿರ್ಕ್ ಹಾಲರ್ ಮತ್ತು ಸಂಗಡಿಗರ ಒಂದು ಪ್ರಯೋಗ ಪ್ರಕಟವಾಯಿತು. ಅವರು ಕ್ಯಾಕೊ-2 ಪದರದ ಮೇಲೆ ರೋಗ ತರದ ಬ್ಯಾಕ್ಟೀರಿಯಗಳನ್ನು ಬಿಟ್ಟರು. ಗೋಡೆ ಹೆಚ್ಚುಕಡಿಮೆ ಸುಮ್ಮನಿತ್ತು. ಬಳಿಕ ಅದೇ ಪದರದ ಕೆಳಗಿನ ಗುಳಿಯಲ್ಲಿ ಮನುಷ್ಯರ ರಕ್ತದಿಂದ ತೆಗೆದ ಬಿಳಿರಕ್ತಕೋಶಗಳನ್ನು ಇಟ್ಟು ಅದೇ ಬ್ಯಾಕ್ಟೀರಿಯಗಳನ್ನು ಮೇಲೆ ಬಿಟ್ಟರು. ಈ ಬಾರಿ ಗೋಡೆಗೆ ಕಿವಿ ಬಂದಂತಾಯಿತು. ನಿರುಪದ್ರವಿ ಇ. ಕೋಲಿಗೆ ಅದು ಉರಿಯೂತದ ಸಂಕೇತಗಳನ್ನು ಹೊರಡಿಸಿತು. ಲ್ಯಾಕ್ಟೋಬ್ಯಾಸಿಲಸ್ ಜಾನ್ಸೋನಿ ಎಂಬ ಹುಳಿ ಬ್ಯಾಕ್ಟೀರಿಯಕ್ಕೆ ಮಾತ್ರ ಹಾಗೆ ಉರಿಯಲಿಲ್ಲ, ಬದಲಿಗೆ ಶಮನಕಾರಿ ಸಂಕೇತ ಏರಿತು. ಮೇಲಿನ ಬ್ಯಾಕ್ಟೀರಿಯ ಕೆಳಗಿನ ರಕ್ತಕೋಶವನ್ನು ಮುಟ್ಟಿಯೇ ಇರಲಿಲ್ಲ, ನಡುವೆ ಗೋಡೆಯಿತ್ತು. ಆದರೂ ಕೆಳಗೆ ಯಾರಿದ್ದಾರೆ ಎಂಬುದರ ಮೇಲೆ ಗೋಡೆಯ ನಡತೆ ಬದಲಾಯಿತು. ನಾನು ಮೊದಲ ಬಾರಿಗೆ ಈ ಪ್ರಬಂಧ ಓದಿದಾಗ ನಮ್ಮ ಊರಿನ ಮನೆಗಳ ನೆನಪಾಯಿತು. ಒಳಗೆ ಅಜ್ಜಿ ಇದ್ದಾಗ ಬಾಗಿಲಲ್ಲಿ ನಿಂತ ಹುಡುಗ ಬಂದವರೊಡನೆ ಮಾತಾಡುವ ರೀತಿಯೇ ಬೇರೆ, ಅಜ್ಜಿ ಇಲ್ಲದಾಗಿನ ರೀತಿಯೇ ಬೇರೆ!

ಇದಕ್ಕೂ ಮುಂಚೆ, 1997ರಲ್ಲಿ, ಸೋಫಿ ಕೆರ್ನೆಯಿಸ್ ಮತ್ತು ಸಂಗಡಿಗರು ಇನ್ನೂ ವಿಚಿತ್ರವಾದುದನ್ನು ತೋರಿಸಿದ್ದರು. ನಮ್ಮ ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಎಂ-ಕೋಶ ಎಂಬ ವಿಶೇಷ ಕೋಶಗಳಿವೆ. ಇವು ಕಿಟಕಿಗಳಿದ್ದಂತೆ. ಒಳಗಿನ ರೋಗಾಣುಗಳ ಮಾದರಿಯನ್ನು ಹಿಡಿದು ಹಿಂದಿನ ಕಾವಲುಗಾರರ ಕೈಗೆ ಕೊಡುತ್ತವೆ. ಬಾಯಿಯ ಮೂಲಕ ಕೊಡುವ ಲಸಿಕೆಗಳಿಗೆ ಇದು ಒಂದು ಮುಖ್ಯ ದಾರಿ. ಕ್ಯಾಕೊ-2 ಪದರದ ಬೆನ್ನಿಗೆ ಇಲಿಯ ಕರುಳಿನ ಲಿಂಫೋಸೈಟ್‌ಗಳನ್ನು ಸೇರಿಸಿದಾಗ, ಸಾಮಾನ್ಯ ಗೋಡೆ ಕೋಶಗಳೇ ಎಂ-ಕೋಶಗಳಂತೆ ಬದಲಾದವು. ಕಾಲರಾ ರೋಗಾಣುವನ್ನೂ ಪ್ಲಾಸ್ಟಿಕ್ ಕಣಗಳನ್ನೂ ದಾಟಿಸತೊಡಗಿದವು. ಎಂದರೆ ಕಾವಲುಗಾರ ಗೋಡೆಗೆ ಸುದ್ದಿ ಹೇಳುವುದಷ್ಟೇ ಅಲ್ಲ, ಇಟ್ಟಿಗೆಯನ್ನು ಕಿಟಕಿಯಾಗಿ ಮಾಡಬಲ್ಲ. ಮುಂದೆ ಇದೇ ಕೆಲಸಕ್ಕೆ ರಾಜಿ ಎಂಬ ಮನುಷ್ಯ ಬಿ-ಕೋಶಗಳನ್ನು ಬಳಸತೊಡಗಿದರು. ಆ ಕೋಶಗಳು 1963ರಲ್ಲಿ ನೈಜೀರಿಯದ 11 ವರ್ಷದ ಬಾಲಕನೊಬ್ಬನ ಕ್ಯಾನ್ಸರ್ ಗಡ್ಡೆಯಿಂದ ಬಂದವು.

2001ರಲ್ಲಿ ಇಟಲಿಯ ಮಿಲಾನ್‌ನ ಮರಿಯಾ ರೆಶಿನ್ಯೊ ಅವರ ಪ್ರಯೋಗವಂತೂ ನನಗೆ ಎಲ್ಲಕ್ಕಿಂತ ಪ್ರಿಯವಾದುದು. ಪದರದ ಬೆನ್ನಿಗೆ ಡೆಂಡ್ರೈಟಿಕ್ ಕೋಶಗಳನ್ನು ಕೂರಿಸಿ, ಮೇಲೆ ಬ್ಯಾಕ್ಟೀರಿಯ ಬಿಟ್ಟರು. ಡೆಂಡ್ರೈಟಿಕ್ ಕೋಶಗಳು ತಮ್ಮ ಉದ್ದನೆಯ ಕೈಗಳನ್ನು ಎರಡು ಗೋಡೆ ಕೋಶಗಳ ನಡುವಿನ ಬೆಸುಗೆಯೊಳಗಿಂದ ತೂರಿಸಿ, ಆಚೆ ಬದಿಯ ಬ್ಯಾಕ್ಟೀರಿಯವನ್ನು ಹಿಡಿದುಕೊಂಡವು. ಬೆಸುಗೆ ಬಿಚ್ಚಿದರೆ ವಿದ್ಯುತ್ ರೋಧ ಇಳಿಯಬೇಕಲ್ಲವೇ? ಇಳಿಯಲಿಲ್ಲ. ಕಾರಣವೇನೆಂದರೆ ಗೋಡೆ ಕೋಶಗಳು ಬೆಸುಗೆಗೆ ಬಳಸುವ ಅದೇ ಪ್ರೊಟೀನುಗಳನ್ನು ಡೆಂಡ್ರೈಟಿಕ್ ಕೋಶಗಳೂ ತಮ್ಮ ಮೈಮೇಲೆ ತೊಟ್ಟುಕೊಂಡಿದ್ದವು. ತೂರುವಾಗಲೇ ಎರಡೂ ಬದಿಯವರೊಡನೆ ಬೆಸೆದುಕೊಳ್ಳುತ್ತಿದ್ದವು. ಗೋಡೆ ಒಡೆಯದೆ ಕೈ ಹೊರಚಾಚುವ ಕಳ್ಳನಲ್ಲದ ಕಳ್ಳ! ಇಲ್ಲಿ ಒಂದು ಸಣ್ಣ ವಿಷಯವನ್ನು ಗಮನಿಸಿ. ಜಾಲರಿಯ ತೂತು 0.4 ಮೈಕ್ರಾನ್ ಇದ್ದರೆ ಸಂಕೇತದ ಅಣುಗಳು ಮಾತ್ರ ಧಾರಾಳವಾಗಿ ದಾಟುತ್ತವೆ, 3 ಮೈಕ್ರಾನ್ ಇದ್ದರೆ ಕೋಶಗಳೂ ನುಸುಳಬಲ್ಲವು. ಯಾವ ಜಾಲರಿ ಕೊಳ್ಳುತ್ತೀರಿ ಎಂಬುದರ ಮೇಲೆಯೇ ನೀವು ಏನನ್ನು ನೋಡಬಲ್ಲಿರಿ ಎಂಬುದು ಅರ್ಧ ತೀರ್ಮಾನವಾಗಿರುತ್ತದೆ. ಮುಂದೆ 2005ರಲ್ಲಿ ಇಲಿಯ ಕರುಳಿನಲ್ಲಿಯೂ ಇಂತಹ ಚಾಚಿದ ಕೈಗಳನ್ನು ಬೇರೊಂದು ತಂಡ ಕಂಡಿತು.

ಕಾವಲುಗಾರ ರೊಚ್ಚಿಗೆದ್ದರೆ ಏನಾಗುತ್ತದೆ? ಇದಕ್ಕೆ ಟಿ.ಎಚ್.ಪಿ.-1 ಎಂಬ ಕೋಶಗಳನ್ನು ಬಳಸುತ್ತೇವೆ. 1980ರಲ್ಲಿ ಜಪಾನಿನವರು ವರದಿ ಮಾಡಿದ ಇವು ರಕ್ತದ ಕ್ಯಾನ್ಸರ್ ಇದ್ದ ಒಂದು ವರ್ಷದ ಗಂಡುಮಗುವಿನವು. ಒಂದು ರಾಸಾಯನಿಕ ಹಾಕಿದರೆ ಅವು ಮ್ಯಾಕ್ರೋಫೇಜ್‌ಗಳಂತಾಗುತ್ತವೆ. ಇವನ್ನು ಕ್ಯಾಕೊ-2 ಪದರದ ಕೆಳಗಿಟ್ಟಾಗ ಗೋಡೆಯ ರೋಧ ಕುಸಿಯುತ್ತದೆ, ಕೋಶಗಳು ಸಾಯುತ್ತವೆ. ಇದಕ್ಕೆ ಟಿ.ಎನ್.ಎಫ್.-ಆಲ್ಫಾ ಎಂಬ ಸಂಕೇತ ಮುಖ್ಯ ಕಾರಣವೆಂದು ಟೋಕಿಯೊದ ತಂಡವೊಂದು 2006ರಲ್ಲಿ ತೋರಿಸಿತು. ಕ್ರೋನ್ಸ್ ರೋಗಿಗಳಿಗೆ ಇದೇ ಸಂಕೇತವನ್ನು ತಡೆಯುವ ಇನ್‌ಫ್ಲಿಕ್ಸಿಮಾಬ್ ಔಷಧಿಗೆ ಅಮೆರಿಕದಲ್ಲಿ 1998ರಲ್ಲಿಯೇ ಅನುಮತಿ ದೊರೆತಿತ್ತು. ತಟ್ಟೆಯಲ್ಲಿ ಕಂಡದ್ದು ರೋಗಿಯಲ್ಲಿ ಕಂಡದ್ದಕ್ಕೆ ಹೊಂದುತ್ತದೆ ಎಂಬ ಧೈರ್ಯ ನಮ್ಮಂತಹವರಿಗೆ ಬರುವುದು ಹೀಗೆ.

ಇನ್ನು ನನ್ನ ಕಥೆ. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಮನೆಯ ಮೊಸರಿನಿಂದ ಒಂದು ಲ್ಯಾಕ್ಟೋಬ್ಯಾಸಿಲಸ್ ತಳಿಯನ್ನು ಬೇರ್ಪಡಿಸಿದ್ದೆ. ಅದನ್ನು ಪದರದ ಮೇಲೆ ಹಾಕಿದರೆ ಕೆಳಗಿನ ಮ್ಯಾಕ್ರೋಫೇಜ್‌ಗಳ ಉಗ್ರ ಇಳಿದು ಗೋಡೆ ಉಳಿಯುವುದೇ ಎಂಬುದು ಪ್ರಶ್ನೆ. ಉಳಿಯಿತು! ಮೂರು ಬಾರಿ ಮಾಡಿದೆ, ಮೂರು ಬಾರಿಯೂ ಉಳಿಯಿತು. ಮೊಸರಿಲ್ಲದ ತಟ್ಟೆಗಳಲ್ಲಿ ಗೋಡೆ ಕುಸಿಯುತ್ತಿತ್ತು, ಮೊಸರಿನ ತಟ್ಟೆಗಳಲ್ಲಿ ನಿಂತಿರುತ್ತಿತ್ತು. ಸಮ್ಮೇಳನವೊಂದಕ್ಕೆ ಸಾರಾಂಶ ಕಳುಹಿಸಿದೆ. ಊರಿಗೆ ಫೋನ್ ಮಾಡಿ, ನಿಮ್ಮ ಮೊಸರು ಪ್ರಸಿದ್ಧವಾಗುತ್ತದೆ ಎಂದು ತಾಯಿಗೂ ಹೇಳಿದೆ.

ಆಮೇಲೆ ಹೊಸದಾಗಿ ಬಂದ ಕಿರಿಯ ವಿದ್ಯಾರ್ಥಿನಿಯೊಬ್ಬಳು ಎಲ್ಲರ ಕೋಶಗಳನ್ನೂ ಮೈಕೊಪ್ಲಾಸ್ಮಾ ಪರೀಕ್ಷೆಗೆ ಒಳಪಡಿಸಿದಳು. ಇದು ಅತಿ ಸಣ್ಣ ಬ್ಯಾಕ್ಟೀರಿಯ. ಕೋಶಭಿತ್ತಿ ಇಲ್ಲದ್ದರಿಂದ ಪೆನಿಸಿಲಿನ್ ಇದಕ್ಕೆ ತಾಗುವುದಿಲ್ಲ. ದ್ರವವನ್ನು ಕಲಕುವುದಿಲ್ಲ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಾಣುವುದೂ ಇಲ್ಲ. ಆದರೆ ಮ್ಯಾಕ್ರೋಫೇಜ್‌ಗಳನ್ನು ಸದ್ದಿಲ್ಲದೆ ಕೆರಳಿಸುತ್ತದೆ. ನನ್ನ ಒಂದು ಬಾಟಲಿಯಲ್ಲಿ ಅದಿತ್ತು. ನೋಟ್‌ಬುಕ್ ತೆರೆದು ನೋಡಿದಾಗ ಎದೆ ಒಡೆಯಿತು. ಅನುಕೂಲಕ್ಕೆಂದು ಮೊಸರಿಲ್ಲದ ಹೋಲಿಕೆಯ ತಟ್ಟೆಗಳಿಗೆಲ್ಲ ಹಳೆಯ ಬಾಟಲಿಯ ಕೋಶಗಳನ್ನು ಬಳಸಿದ್ದೆ. ಮೊಸರಿನ ತಟ್ಟೆಗಳಿಗೆ ಹೊಸದಾಗಿ ತೆರೆದ ಬಾಟಲಿ. ನಾನು ಅಳೆದದ್ದು ಮೊಸರಿನ ಗುಣವನ್ನಲ್ಲ, ಎರಡು ಬಾಟಲಿಗಳ ವ್ಯತ್ಯಾಸವನ್ನು. ಶುದ್ಧ ಕೋಶಗಳನ್ನು ತಂದು ಒಂದೇ ಬಾಟಲಿಯಿಂದ ಎಲ್ಲ ತಟ್ಟೆಗಳನ್ನೂ ಕಟ್ಟಿದಾಗ ಆ ದೊಡ್ಡ ವ್ಯತ್ಯಾಸ ಮಾಯವಾಯಿತು. ಎಂಟು ತಿಂಗಳ ಕೆಲಸ.

ಆ ರಾತ್ರಿ ಒಂದು ಆಲೋಚನೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಸಾರಾಂಶ ಹೇಗೂ ಸ್ವೀಕೃತವಾಗಿದೆ. ಯಾರಿಗೆ ಗೊತ್ತಾಗುತ್ತದೆ? ನನ್ನ ಓದಿಗೆ ಹಣ ಹೊಂದಿಸಿದವರಲ್ಲಿ ನನ್ನ ಕುಟುಂಬದವರಲ್ಲದ ಹಿರಿಯರೂ ಇದ್ದರು, ಅವರಿಗೆ ಏನು ಹೇಳಲಿ? ಬೆಳಿಗ್ಗೆ ಮಾರ್ಗದರ್ಶಕರ ಕೋಣೆಗೆ ಹೋಗಿ ನೋಟ್‌ಬುಕ್ಕನ್ನು ಅವರ ಮುಂದಿಟ್ಟೆ. ಅವರು ಬಹಳ ಹೊತ್ತು ಓದಿ, "ಹಿಂದಕ್ಕೆ ತೆಗೆದುಕೊಳ್ಳುವ ಪತ್ರವನ್ನು ನೀನು ಬರೆಯುತ್ತೀಯೋ, ನಾನು ಬರೆಯಲೋ?" ಎಂದು ಮಾತ್ರ ಕೇಳಿದರು. ನಾನೇ ಬರೆದೆ. ನನ್ನ ಪಿಎಚ್.ಡಿ. ಒಂದು ವರ್ಷ ತಡವಾಯಿತು. ತಾಯಿಗೆ ಹೇಳಿದಾಗ ಅವರು, ಮೊಸರಿಗೇನೂ ಆಗಿಲ್ಲವಲ್ಲ ಎಂದರು.

ಇದನ್ನು ಹೇಳಲು ಇನ್ನೊಂದು ಕಾರಣವೂ ಇದೆ. ಇಂದು ಅಂಗಡಿಗಳಲ್ಲಿ "ಕರುಳಿನ ಆರೋಗ್ಯಕ್ಕೆ", "ರೋಗನಿರೋಧಕ ಶಕ್ತಿಗೆ", "ಪ್ರಯೋಗಾಲಯದಲ್ಲಿ ಸಾಬೀತು" ಎಂದು ಬರೆದ ಪುಡಿಗಳೂ ಪಾನೀಯಗಳೂ ಸಿಗುತ್ತವೆ. ಪ್ರಯೋಗಾಲಯ ಎಂಬ ಪದಕ್ಕೆ ಜನ ಮರುಳಾಗುತ್ತಾರೆ. ನನ್ನ ಹಾಳಾದ ಪ್ರಯೋಗವೂ ಪ್ರಯೋಗಾಲಯದಲ್ಲಿಯೇ ನಡೆದದ್ದು! ತಟ್ಟೆಯ ಪ್ರಯೋಗ ಸರಿಯಾಗಿಯೇ ನಡೆದರೂ ಅದು ಹೇಳುವುದು ಬಹಳ ಸ್ವಲ್ಪ. ಕ್ಯಾಕೊ-2 ಗೋಡೆ ನಿಜವಾದ ಸಣ್ಣ ಕರುಳಿಗಿಂತ ಎಷ್ಟೋ ಪಟ್ಟು ಬಿಗಿ. ಅದರ ಮೇಲೆ ಲೋಳೆ ಹೆಚ್ಚುಕಡಿಮೆ ಇಲ್ಲ. ಲೋಳೆಗಾಗಿ ಎಚ್.ಟಿ.29-ಎಂ.ಟಿ.ಎಕ್ಸ್. ಎಂಬ ಬೇರೆ ಕ್ಯಾನ್ಸರ್ ಕೋಶಗಳನ್ನು ಬೆರೆಸಬೇಕಾಗುತ್ತದೆ. ಕೆಳಗಿನ ಕಾವಲುಗಾರ ಇನ್ನೊಬ್ಬನ ದೇಹದವನು, ಅವನೂ ಕ್ಯಾನ್ಸರ್ ಕೋಶ. ಅಮೆರಿಕದ ಮುದುಕನ ಗೋಡೆ, ಜಪಾನಿನ ಮಗುವಿನ ಕಾವಲು. ಇವರಿಬ್ಬರ ಸಂಭಾಷಣೆಯಿಂದ ನಿಮ್ಮ ಹೊಟ್ಟೆಯ ಬಗ್ಗೆ ಎಷ್ಟು ತಿಳಿದೀತು ಎಂದು ನೀವೇ ಲೆಕ್ಕ ಹಾಕಿ.

ಈ ಕೊರತೆಗಳನ್ನು ತುಂಬುವ ಕೆಲಸ ಈಚಿನ ವರ್ಷಗಳಲ್ಲಿ ಭರದಿಂದ ಸಾಗಿದೆ. 2012ರಲ್ಲಿ ಹಾರ್ವರ್ಡ್‌ನ ವೀಸ್ ಸಂಸ್ಥೆಯ ಡೊನಾಲ್ಡ್ ಇಂಗ್ಬರ್ ತಂಡ ಒಂದು ಪುಟ್ಟ ಚಿಪ್‌ನಲ್ಲಿ ಕ್ಯಾಕೊ-2 ಕೋಶಗಳನ್ನು ಬೆಳೆಸಿ, ದ್ರವ ಹರಿಸಿ, ಕರುಳು ಹಿಂಡುವಂತೆ ಜಾಲರಿಯನ್ನು ಎಳೆದು ಬಿಟ್ಟು ಮಾಡಿತು. ಚಪ್ಪಟೆಯಾಗಿರುತ್ತಿದ್ದ ಪದರದಲ್ಲಿ ಬೆರಳಿನಂತಹ ಮಡಿಕೆಗಳು ತಾವಾಗಿಯೇ ಎದ್ದವು. 2016ರಲ್ಲಿ ಅದೇ ಚಿಪ್‌ಗೆ ರಕ್ತದ ರೋಗನಿರೋಧಕ ಕೋಶಗಳನ್ನೂ ಬ್ಯಾಕ್ಟೀರಿಯಗಳನ್ನೂ ಸೇರಿಸಿದರು. ದ್ರವ ಹರಿಯುತ್ತಿದ್ದರೂ ಹಿಂಡುವ ಚಲನೆಯನ್ನು ನಿಲ್ಲಿಸಿದ ಮಾತ್ರಕ್ಕೆ ಬ್ಯಾಕ್ಟೀರಿಯಗಳು ಮಿತಿಮೀರಿ ಬೆಳೆದವು. ಮತ್ತೊಂದು ದಾರಿ ಆರ್ಗನಾಯ್ಡ್‌ಗಳದು. 2009ರಲ್ಲಿ ನೆದರ್ಲೆಂಡ್ಸ್‌ನಲ್ಲಿ ತೊಶಿರೊ ಸಾಟೊ ಮತ್ತು ಹಾನ್ಸ್ ಕ್ಲೆವರ್ಸ್ ಇಲಿಯ ಕರುಳಿನ ಒಂದೇ ಒಂದು ಕಾಂಡಕೋಶದಿಂದ ಪುಟ್ಟ ಕರುಳಿನ ಉಂಡೆಯನ್ನೇ ಬೆಳೆಸಿದರು. 2011ರ ಹೊತ್ತಿಗೆ ಮನುಷ್ಯನ ಕರುಳಿನಿಂದಲೂ ಇದು ಸಾಧ್ಯವಾಯಿತು. ಈಗ ಕ್ಯಾನ್ಸರ್ ಇಲ್ಲದ, ಆರೋಗ್ಯವಂತ ಕೋಶಗಳ ಗೋಡೆ ಕಟ್ಟಬಹುದು. 2017ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನವರು ಅಂತಹ ಗೋಡೆಯ ಕೆಳಗೆ ಮನುಷ್ಯ ಮ್ಯಾಕ್ರೋಫೇಜ್‌ಗಳನ್ನು ಇಟ್ಟಾಗ ರೋಧ ಕುಸಿಯಲಿಲ್ಲ, ಏರಿತು! ಕೋಶಗಳು ಇನ್ನಷ್ಟು ಎತ್ತರವಾಗಿ ಬೆಳೆದವು. ಕೆರಳದ ಕಾವಲುಗಾರ ಗೋಡೆಯನ್ನು ಗಟ್ಟಿಮಾಡುತ್ತಾನೆ. ಕ್ಯಾನ್ಸರ್ ಕೋಶಗಳೊಡನೆ ಮಾತ್ರ ಕೆಲಸ ಮಾಡುತ್ತಿದ್ದ ನಮಗೆ ಕಾವಲುಗಾರನ ಕೋಪವಷ್ಟೇ ಹೆಚ್ಚಾಗಿ ಕಂಡಿತ್ತು, ಅವನ ಉಪಕಾರ ಕಂಡಿರಲಿಲ್ಲ. 2024ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ವರದಿಯಲ್ಲಿ ಗೋಡೆ ಮತ್ತು ಟಿ-ಕೋಶಗಳು ಎರಡೂ ಒಬ್ಬರೇ ವ್ಯಕ್ತಿಯ ಕರುಳಿನವು. ಒಂದೇ ಮನೆಯವರನ್ನು ಮತ್ತೆ ಒಟ್ಟುಗೂಡಿಸಿದಂತೆ.

ಇದೆಲ್ಲ ಶ್ರೀಮಂತ ದೇಶಗಳ ಆಟ, ನಮಗೇನು ಎಂದು ನೀವು ಕೇಳಬಹುದು. ನಿಜವಾಗಿ ಇದು ನಮಗೇ ಹೆಚ್ಚು ಬೇಕಾದ ವಿದ್ಯೆ. ರೋಟಾವೈರಸ್ ಮಕ್ಕಳಿಗೆ ತೀವ್ರ ಭೇದಿ ತರುತ್ತದೆ. ಇದಕ್ಕೆ ಬಾಯಿಯ ಮೂಲಕ ಕೊಡುವ ರೋಟಾರಿಕ್ಸ್ ಲಸಿಕೆ 2006ರಲ್ಲಿ ಪ್ರಕಟವಾದ ಲ್ಯಾಟಿನ್ ಅಮೆರಿಕ ಮತ್ತು ಫಿನ್‌ಲೆಂಡ್‌ನ ಪರೀಕ್ಷೆಯಲ್ಲಿ ತೀವ್ರ ಕಾಯಿಲೆಯಿಂದ ಶೇ. 85ರಷ್ಟು ರಕ್ಷಣೆ ನೀಡಿತ್ತು. ಅದೇ ಲಸಿಕೆ ಆಫ್ರಿಕದ ಮಲಾವಿಯಲ್ಲಿ, 2010ರ ವರದಿಯಂತೆ, ಸುಮಾರು ಶೇ. 49. ನಮ್ಮ ದೇಶದಲ್ಲಿಯೇ ತಯಾರಾದ ರೋಟಾವ್ಯಾಕ್ 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸುಮಾರು ಶೇ. 55 ರಕ್ಷಣೆ ತೋರಿಸಿತು. 2016ರಿಂದ ಅದು ಸರಕಾರಿ ಲಸಿಕಾ ಕಾರ್ಯಕ್ರಮದಲ್ಲಿದೆ. ಹಾಗೆಂದು ಲಸಿಕೆ ಬೇಡವೆಂದು ಯಾರೂ ತಿಳಿಯಬಾರದು. ಭೇದಿ ಹೆಚ್ಚಿರುವ ಕಡೆ ಶೇ. 55 ಎಂದರೂ ಅಪಾರ ಸಂಖ್ಯೆಯ ಮಕ್ಕಳು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ತಪ್ಪುತ್ತದೆ. ತಾಯಂದಿರೇ, ತಪ್ಪದೆ ಹಾಕಿಸಿ. ಆದರೆ ಬಡ ಮಗುವಿನ ಕರುಳಿನಲ್ಲಿ ಅದೇ ಹನಿ ಯಾಕೆ ಕಡಿಮೆ ಕೆಲಸ ಮಾಡುತ್ತದೆ?

ಕಾರಣಗಳು ಹಲವು ಇವೆ. ತಾಯಿಯಿಂದ ಬಂದ ಪ್ರತಿಕಾಯಗಳು, ಅಪೌಷ್ಟಿಕತೆ, ಕರುಳಿನಲ್ಲಿರುವ ಇತರ ವೈರಸ್‌ಗಳು. ಜೊತೆಗೆ, ಕೊಳಕು ನೀರು ಮತ್ತು ಶೌಚಾಲಯದ ಕೊರತೆಯ ನಡುವೆ ಬೆಳೆಯುವ ಮಕ್ಕಳ ಕರುಳಿನಲ್ಲಿ ಆ ಬೆರಳಿನಂತಹ ಮಡಿಕೆಗಳು ಮೊಂಡಾಗಿರುತ್ತವೆ, ಗೋಡೆ ಸೋರುತ್ತದೆ, ಹಿಂದೆ ಕಾವಲು ಕೋಶಗಳು ಕಿಕ್ಕಿರಿದಿರುತ್ತವೆ. ಹೊರನೋಟಕ್ಕೆ ಮಗುವಿಗೆ ಕಾಯಿಲೆಯೇ ಇಲ್ಲ. ಹೀಗೆ ಸದಾ ಗದ್ದಲದಲ್ಲಿರುವ ಕಾವಲುಗಾರರಿಗೆ ಲಸಿಕೆಯ ಸಣ್ಣ ಧ್ವನಿ ಕೇಳಿಸುತ್ತದೆಯೇ? 72 ವರ್ಷದ ಅಮೆರಿಕನ್ನರ ಕ್ಯಾನ್ಸರ್ ಕೋಶ ಇದಕ್ಕೆ ಉತ್ತರಿಸಲಾರದು. ಇಂತಹ ಮಕ್ಕಳದೇ ಕರುಳಿನಿಂದ, ತಂದೆತಾಯಿಯ ಒಪ್ಪಿಗೆಯೊಡನೆ ಬೆಳೆಸಿದ ಗೋಡೆ ಬೇಕು, ಅದರ ಕೆಳಗೆ ಅವರದೇ ಕಾವಲುಗಾರರು ಬೇಕು. ಈ ಕೆಲಸವನ್ನು ನಮ್ಮ ಮಕ್ಕಳನ್ನು ಬಲ್ಲವರು, ನಮ್ಮ ಕೇರಿಗಳ ನೀರನ್ನು ಬಲ್ಲವರು ಮಾಡದೆ ಬೇರೆ ಯಾರು ಮಾಡುತ್ತಾರೆ?

ದಾರಿ ಈಗ ಮೊದಲಿನಷ್ಟು ದೂರವಿಲ್ಲ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ ದೇಶದ ಪ್ರಯೋಗಾಲಯಗಳಿಗೆ ಇಂತಹ ಕೋಶಗಳನ್ನು ಒದಗಿಸುತ್ತದೆ. ಹೈದರಾಬಾದಿನ ಸಿ.ಸಿ.ಎಂ.ಬಿ., ಬೆಂಗಳೂರಿನ ಎನ್.ಸಿ.ಬಿ.ಎಸ್. ಮತ್ತು ಇನ್‌ಸ್ಟೆಮ್‌ಗಳಲ್ಲಿ ಕೋಶ ಕೃಷಿಯ ಒಳ್ಳೆಯ ಪರಂಪರೆಯಿದೆ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಹೊಸ ಔಷಧಿಗೆ ಪ್ರಾಣಿ ಪರೀಕ್ಷೆ ಕಡ್ಡಾಯವೆಂಬ ಕಾನೂನು ಹೋಯಿತು, 2023ರಲ್ಲಿ ಭಾರತದ ನಿಯಮಗಳಲ್ಲೂ ಚಿಪ್ ಮತ್ತು ಆರ್ಗನಾಯ್ಡ್‌ಗಳಿಗೆ ಜಾಗ ಸಿಕ್ಕಿತು. ಇದಕ್ಕೆ ಡಾಕ್ಟರರೇ ಆಗಬೇಕೆಂದಿಲ್ಲ. ಎಂ.ಬಿ.ಬಿ.ಎಸ್. ಸೀಟು ಸಿಗದೆ ಮನೆಯಲ್ಲಿ ಅತ್ತು ಕುಳಿತವರಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ, ಏಕೆಂದರೆ ನಾನೂ ಅತ್ತವನೇ. ಬಿ.ಎಸ್ಸಿ.ಯಲ್ಲಿ ಜೀವರಸಾಯನ ಅಥವಾ ಸೂಕ್ಷ್ಮಜೀವಿಶಾಸ್ತ್ರ ತೆಗೆದುಕೊಳ್ಳಿ. ಭೌತಶಾಸ್ತ್ರದವರೂ ಬನ್ನಿ, ಚಿಪ್ ಮಾಡುವವರು ಅವರೇ. ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ. ಮತ್ತು ದಿನಚರಿ ಪುಸ್ತಕದಲ್ಲಿ ಯಾವ ಬಾಟಲಿ, ಯಾವ ತಾರೀಕು ಎಂದು ಬರೆಯುವ ಅಭ್ಯಾಸವನ್ನು ಇಂದೇ ಮಾಡಿಕೊಳ್ಳಿ. ನಾನು ಬರೆದಿಟ್ಟಿದ್ದೆ, ಅದರಿಂದಲೇ ಸಿಕ್ಕಿಬಿದ್ದೆ.

ಉಪನ್ಯಾಸದ ನಂತರ ಕೇಳಿದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಬೇಕೆಂದು ಸಂಪಾದಕರು ಹೇಳಿದ್ದಾರೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು, "ಆ ನೈಜೀರಿಯದ ಹುಡುಗನನ್ನೂ ಜಪಾನಿನ ಮಗುವಿನ ಮನೆಯವರನ್ನೂ ಕೇಳಿ ಕೋಶ ತೆಗೆದುಕೊಂಡಿದ್ದರೇ?" ಎಂದಳು. ಇಂದು ನಾವು ಪಡೆಯುವಂತಹ ಲಿಖಿತ ಒಪ್ಪಿಗೆಯ ಪದ್ಧತಿ ಆ ಕಾಲದಲ್ಲಿ ಬೇರೂರಿರಲಿಲ್ಲ. ಈಗ ನೈತಿಕ ಸಮಿತಿಯ ಅನುಮತಿ ಇಲ್ಲದೆ ಒಂದು ಹನಿ ರಕ್ತವನ್ನೂ ಮುಟ್ಟುವಂತಿಲ್ಲ. ಆ ಹುಡುಗಿಯ ಪ್ರಶ್ನೆಯನ್ನು ನಮ್ಮ ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಕೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ.

ಎರಡನೆಯದು ಹಿರಿಯ ಸದಸ್ಯರೊಬ್ಬರದು. "ಹಾಗಾದರೆ ಮೊಸರು ತಿನ್ನಬೇಕೋ ಬೇಡವೋ?" ತಿನ್ನಿ. ನಾನಂತೂ ದಿನವೂ ತಿನ್ನುತ್ತೇನೆ, ರುಚಿಗಾಗಿ. ಅದು ಕರುಳಿನ ಕಾವಲುಗಾರರಿಗೆ ಏನು ಹೇಳುತ್ತದೆ ಎಂಬ ಪ್ರಯೋಗವನ್ನು ಈಗ ನನ್ನ ವಿದ್ಯಾರ್ಥಿಯೊಬ್ಬ ಆರ್ಗನಾಯ್ಡ್ ಗೋಡೆಯ ಮೇಲೆ ಮತ್ತೆ ಆರಂಭಿಸಿದ್ದಾನೆ. ಎಲ್ಲ ತಟ್ಟೆಗಳಿಗೂ ಒಂದೇ ಬಾಟಲಿ. ಫಲಿತಾಂಶ ಏನೇ ಬಂದರೂ ಮುಂದಿನ ವರ್ಷದ ಸಂಚಿಕೆಗೆ ಬರೆದು ಕಳುಹಿಸುತ್ತೇನೆ.